ಔಟ್‌ಟರ್ನ್

ಹಗಲು ನನ್ನ ಕೆಲಸ ಸುಂಟಿಕೊಪ್ಪದ ಕಾಫಿ ಮಂಡಿಯಲ್ಲಿ.
ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಎಳೆದು,
ಸಿಪ್ಪೆ ಬಿಡಿಸಿ, ತೂಗಿ, ಚೀಟಿಯಲ್ಲಿ ಗೀಚುವುದು:
ಇಪ್ಪತ್ತಾರೂವರೆ. ಇಪ್ಪತ್ತೆಂಟು.
ತಂದವರ ಮುಖ ನೋಡಬಾರದು. ಸಾಹುಕಾರರ ಕಟ್ಟಪ್ಪಣೆ.

ರಾತ್ರಿ ಹತ್ತರ ಮೇಲೆ ಬೇರೆ ಮಂಡಿ.
ಹಳೇ ಲ್ಯಾಪ್‌ಟಾಪು, ಪಲ್ಪರಿನಂತೆ ಕೊರಗುವ ಅದರ ಫ್ಯಾನು,
ಎಲ್ಲಿಯೂ ಇಲ್ಲದ ಊರಿನ ಮೂರನೇ ದರ್ಜೆಯ ಕ್ಲಬ್ಬು,
ಅದಕ್ಕೆ ನಾನೇ ಮ್ಯಾನೇಜರು.
ಪರದೆಯೊಳಗೆ ಮಾರ್ಚಿ ಬಂತೆಂದರೆ
ಸಾಲಾಗಿ ಬಂದು ನಿಲ್ಲುತ್ತಾರೆ ಹೊಸ ಹುಡುಗರು.
ಯಂತ್ರ ಹೆತ್ತ ಮಕ್ಕಳು;
ಬೈಯುವ ಅಪ್ಪನಿಲ್ಲ, ಮಂಡಿಯ ಮೇಲೆ ಗಾಯದ ಕಲೆಯಿಲ್ಲ,
ಬರೀ ಅಂಕಿ.

ವೇಗ ಹದಿನಾಲ್ಕು. ಹೆಡರ್ ಆರು. ಬಲಗಾಲು ನೆಪಕ್ಕೆ.
ಮುಂದೆ ಏನಾದಾನು ಎನ್ನುವ ಕಡೆ ನಕ್ಷತ್ರ,
ಎರಡು ಹಳದಿ, ಎರಡು ಬೂದು.
ಬೂದು ಅಂದರೆ ಸ್ಕೌಟಿಗೂ ಗೊತ್ತಿಲ್ಲ ಅಂತ.

‘ಕಾಲು ಕೊನೆಗೆ ನೋಡು,’ ಅನ್ನುತ್ತಾನೆ ಉನೈಸ್,
ಮೊಬೈಲ್ ರಿಪೇರಿಯವನು, ಈ ಆಟದಲ್ಲಿ ನನಗಿಂತ ಹತ್ತು ಕಪ್ಪು ಮುಂದೆ.
‘ಮೊದಲು ಹಟ ನೋಡು. ಹತ್ತಕ್ಕಿಂತ ಕಮ್ಮಿಯಾ?
ಬಿಟ್ಟುಬಿಡು. ಕನಿಕರಕ್ಕೆ ಇಲ್ಲಿ ಬಟನ್ ಇಲ್ಲ.’

ಮೂವತ್ನಾಲ್ಕನೇ ನಂಬರಿನವನು ಎಡ ವಿಂಗು.
ಹಟ ಏಳು. ಉಳಿದದ್ದೆಲ್ಲ ಬರೀ ಗೀಟು,
ಯಾರೂ ಸರಿಯಾಗಿ ನೋಡಿಲ್ಲ ಇನ್ನೂ.

ನಾನೂ ಎಡ ವಿಂಗು.
ಶಾಲೆಯ ಮೈದಾನಕ್ಕೆ ಮಡಿಕೇರಿಯಿಂದ ಸೆಲೆಕ್ಟರು ಬಂದ ದಿನ
ಅರ್ಧ ಮೈದಾನ ಮಂಜು. ನಾನಿದ್ದದ್ದು ಆ ಅರ್ಧದಲ್ಲಿ.
ನೀಲಿ ಟೋಪಿಯವರು ಕಿತ್ತಳೆ ಸುಲಿದು ತಿಂದರು,
ಪೆನ್ಸಿಲಿನಲ್ಲಿ ಏನೋ ಬರೆದುಕೊಂಡರು, ಜೀಪು ಹತ್ತಿದರು.
ಲಿಗೋರಿ ಡಿ’ಸೋಜ ಎಂಬ ಹೆಸರಿನ ಮುಂದೆ
ಅಂಕಿ ಇತ್ತೋ, ಗೀಟು ಇತ್ತೋ.

ಹಾಗಾಗಿ ಬಿಡಲಿಲ್ಲ ಹುಡುಗನನ್ನು.
ಇದ್ದ ಪುಡಿಗಾಸಿನಲ್ಲಿ ಸ್ಕೌಟನ್ನು ಮೂರು ಸಲ ಕಳಿಸಿದೆ.
ಗೀಟೆಲ್ಲ ಒಂದೊಂದಾಗಿ ಅಂಕಿಯಾದವು,
ಒಂದೂ ಒಳ್ಳೆಯದಲ್ಲ.
ಈಗ ಐದನೇ ಸೀಸನ್: ಇಪ್ಪತ್ತೇಳು ಪಂದ್ಯ, ಎರಡು ಗೋಲು,
ಅದರಲ್ಲೊಂದು ನಮ್ಮದೇ ಬಲೆಗೆ.
ಆಡಳಿತ ಮಂಡಳಿಗೆ ನನ್ನ ಮೇಲೆ ‘ತೀವ್ರ ಅಸಮಾಧಾನ’.
ಉನೈಸ್ ನಗುತ್ತಾನೆ. ನಗಲಿ.
ಕರಾರು ಇನ್ನೆರಡು ವರ್ಷಕ್ಕೆ ಮುಂದುವರಿಸಿದ್ದೇನೆ.

ಇವತ್ತು ಬೆಳಿಗ್ಗೆ ಬೊಳ್ಳವ್ವ ಮೂರು ಚೀಲ ತಂದರು.
ಇಪ್ಪತ್ತೈದೂವರೆ.
‘ಇನ್ನೊಂದು ಚೀಲ ಚುಚ್ಚಿ ನೋಡು, ಮಗ.’
ಚುಚ್ಚಿದೆ. ಇಪ್ಪತ್ತೈದು ಬಂತು.
ಮುಖ ನೋಡಿಬಿಟ್ಟೆ.
ಮೊದಲಿನದನ್ನೇ ಬರೆದುಕೊಟ್ಟೆ.