ಮೊದಲ ಹಂತ

ಕಲಬುರಗಿ, ಶಹಾಬಜಾರ, ಟಾಕಿ ಬುಡದ ತಗಡಿನ ಶೆಡ್ಡು.
ಗ್ವಾಡಿ ತುಂಬ ಹಳದಿ ಚೀಟಿ.
ತಾರೀಖು ಮ್ಯಾಲಿಂದ ಬಂದದ್ದು, ಅಲುಗಾಡೂದಿಲ್ಲ;
ಚೀಟಿ ಅಲುಗಾಡತಾವ, ಅಷ್ಟ.

ಮೀಟರು ಒಳಗ. ದೂರಿನ ನಂಬರು ಹೊರಗ.
ಬಿಲ್ಲು? ಒಳಗ, ಅಂದ್ರು ಸಾಹೇಬರು,
ನೀರಿನ ಚೀಟಿಗಿಂತ ಒಂದು ಗೇಣು ಮ್ಯಾಲ.

ವಾಲ್ವಿನ ಮಶಾಕಸಾಬ ಬಸಿಯೊಳಗಿನ ಚಹಾ ಆರಲಿಕ್ಕೆ ಬಿಟ್ಟು
"ದಿಬ್ಬದ ಮನಿ ಎಲ್ಲಿ ಹಚ್ಚೀರಿ?" ಅಂದ.
ಮೂರನೇ ಹಂತ, ಅಂದೆ.
"ತೆಳಗಿನವರು ಮೊದಲ ನಳ ಬಿಟ್ರ
ದಿಬ್ಬ ಏರೂದು ಬರೇ ಗಾಳಿರೀ."

ರಾತ್ರಿ ಒಬ್ಬಾಕಿನ ಬಿಲ್ಲಿನ ಚೀಟಿ ಕಿತ್ತೆ.
ಸುಣ್ಣ ಎದ್ದು ಬಂತು ಅದರ ಜೋಡಿ.
ಅದ ಗಾಯದ ಮ್ಯಾಲ ದಿಬ್ಬ ಹಚ್ಚಿದೆ.

ಹದಿನೇಳಕ್ಕ, ನಸಕಿನ್ಯಾಗ, ಮಶಾಕ ತಿರುವಿದ.
ನಳ ಕೆಮ್ಮಿತು. ಮತ್ತ ಕೆಮ್ಮಿತು.
ಕೊಡ ಹಿಡಿದಾಕಿ ನನ್ನ ಮುಖ ನೋಡಿದಳು;
ನಾ ನಳದ ಬಾಯಿ.
ಕೆಂಪನ್ನ, ತುಕ್ಕಿನ
ಒಂದು ಹನಿ.