ಸತ್ತೇಚಾಳೀಸ

ಬಾಗಿಲ ಮ್ಯಾಲ ನಂಬರ್ ಬರಿಯೂದು ನನ್ನ ಕೆಲಸ.
ಪಾಲಿಕೆಯವರು ಬಾಗಿಲಕ್ಕ ಹನ್ನೆರಡು ರೂಪಾಯಿ ಕೊಡತಾರ.
ಕೆಂಪು ಬಣ್ಣ ಅವರದು, ಬ್ರಷ್ ನಂದು.
ನಂಬರಿನ ಕೆಳಗ ಮರಾಠ್ಯಾಗ ಎರಡು ಮಾತು:
ಧೋಕಾದಾಯಕ ಇಮಾರತ.
ಅಂದ್ರ, ಈ ಮನಿ ನಂಬಬ್ಯಾಡ್ರಿ.

ಗಿರಣಿ ಮುಚ್ಚಿದ ಮ್ಯಾಲ ಸೊಲ್ಲಾಪುರದ ಈ ಓಣ್ಯಾಗ
ಕೀಲಿ ಹೆಚ್ಚಾಗ್ಯಾವ, ಕೈ ಕಡಿಮಿ ಆಗ್ಯಾವ.
ಭಿವಂಡಿಗೆ ಹೋದವರು, ಇಚಲಕರಂಜಿಗೆ ಹೋದವರು,
ಅಣ್ಣತಮ್ಮರ ದಾವಾದಾಗ ಸಿಕ್ಕು
ಹತ್ತು ಹೆಜ್ಜಿ ದೂರ ಇದ್ದೂ ಬಾರದವರು.

ಈಗ ಯೋಜನಾ ಬಂದದ.
ಬಿರಾಜದಾರ ಮೇಡಂ ಜೀಪಿನ ಬಾನೆಟ್ ಮ್ಯಾಲ ನಕಾಶಿ ಹಾಸಿದರು:
ಇಲ್ಲಿ ಬೆಂಚು, ಇಲ್ಲಿ ಬೇವಿನ ಗಿಡ,
ಇಲ್ಲಿ ಗ್ವಾಡಿ ತುಂಬ ಮಗ್ಗದ ಚಿತ್ರ, ಅದನ್ನ ನೀನೇ ತಗಿ.
ಗಿರಣ್ಯಾಗ ಕಿವಿ ಕಳಕೊಂಡವನ ಮಗ ನಾನು.
ಚಿತ್ರದ ಮಗ್ಗ ಸಪ್ಪಳ ಮಾಡೂದಿಲ್ಲ ಮೇಡಂ ಅನ್ನಬೇಕೆನಿಸಿತು.
ಅನ್ನಲಿಲ್ಲ. ಚದರ ಫೂಟಿಗೆ ರೇಟ್ ಕೇಳಿದೆ.

ಮೇಡಂ ಕೆಟ್ಟವರಲ್ಲ.
ಹೋದ ಶ್ರಾವಣದಾಗ ಮೂವತ್ತೊಂದರ ಗ್ವಾಡಿ ಕುಸದು
ತಸ್ಲೀಮಾನ ಎರಡು ಆಡು ಸತ್ತಾಗ
ಮೂರು ಸಲ ಕಾಗದ ಬರದು ರೊಕ್ಕಾ ಕೊಡಿಸಿದವರು ಅವರೇ.

ನಲವತ್ತಾರು ಬರದೆ.
ಅದರ ಬಾಜೂಕ ನಲವತ್ತೇಳು.
ಮರಾಠ್ಯಾಗ ಅದಕ್ಕ ಸತ್ತೇಚಾಳೀಸ ಅಂತಾರ.
ನನ್ನ ಕಿವಿ ಕನ್ನಡದ್ದು,
ಅದಕ್ಕ ಕೇಳಿಸಿದ್ದು, ಸತ್ತ ಚಾಳ.

ಬ್ರಷ್ ಅದ್ದಿದೆ. ಬಾಗಿಲ ತಾನೇ ಸರೀತು.
ಒಳಗ ಏಳು ಮಂದಿ ಹೆಣ್ಮಕ್ಕಳು ಬೀಡಿ ಕಟ್ಟತಿದ್ದರು.
ಮಾಡು ಅರ್ಧ ಇಲ್ಲ,
ಅದಕ್ಕs ಬೆಳಕು ಚಲೋ ಅಂದರು.
ಹಿತ್ತಲದಾಗ ಒಂದು ನಳ.
ನಾಕು ದಿನಕ್ಕೊಮ್ಮೆ ನೀರು ಬಿಡೋ ಊರಾಗ
ಯಾವ ಪೈಪಿನ ಮರೆವೋ ಏನೋ
ದಿನಾ ನಸುಕಿನಾಗ ಒಂದು ತಾಸು ಸುರಿಯೋ ನಳ.
ಸಾಲಾಗಿ ಕೊಡ, ಕೊಡಕ್ಕೊಂದು ಬಣ್ಣದ ದಾರ.

ಮ್ಯಾಕಲ ನರಸವ್ವ ಎಲಿ ಕತ್ತರಿಸ್ತಾ ಮಾರಿ ಎತ್ತಲಿಲ್ಲ.
ಪೇಂಟರ, ನಂಬರ್ ಹಾಕಿದ್ರ ಏನಾಗ್ತದ?
ಕೆಡವತಾರ.
ಕೆಡವಿ?
ಬೆಂಚು ಹಾಕತಾರ.
ಬೆಂಚಿನ ಮ್ಯಾಲ ಕುಂತು ಬೀಡಿ ಕಟ್ಟಾಕ ಬಿಡತಾರೇನು?

ನಕಾಶ್ಯಾಗ ಅದು ಇರಲಿಲ್ಲ.

ಹೊರಗ ಬಂದು
ಮುಂದಿನ ಬಾಗಿಲಕ್ಕ ನಲವತ್ತೆಂಟು ಬರದೆ.
ಹನ್ನೆರಡು ರೂಪಾಯಿ ಹೋತು.

ಸಂಜಿಗೆ ಪಟ್ಟಿ ಮ್ಯಾಲ ಬಟ್ಟ ಎಳೀತಾ ಮೇಡಂ ಕೇಳಿದರು,
ಸತ್ತೇಚಾಳೀಸ ಎಲ್ಲಿ?
ನನಗ ಮರಾಠಿ ಎಣಿಕಿ ಸರಿ ಬರೂದಿಲ್ಲರಿ.
ಅವರೂ ಅಕ್ಕಲಕೋಟಿ ಕಡೆಯವರು.
ಹಂಗಾರ ಕನ್ನಡದಾಗ ಎಣಿಸು, ಅಂದರು.
ನಲವತ್ತೈದು, ನಲವತ್ತಾರು,
ನಲವತ್ತೆಂಟು.
ನನ್ನ ಮಾರಿ ನೋಡಿದರು.
ಪೆನ್ನಿಗೆ ಟೊಪ್ಪಿಗಿ ಹಾಕಿದರು.

ಬೆಂಚು ಬಂದಾವ. ನಾಕು ಬೇವಿನಾಗ ಒಂದು ಹತ್ತಿಕೊಂಡದ.
ನನ್ನ ಮಗ್ಗದ ಮುಂದ ಹುಡುಗೂರು ನಿಂತು ಫೋಟೋ ತಗಸ್ತಾವ.
ಅದರಾಗ ಲಾಳಿ ತಪ್ಪು ಕಡೆ ಅದ,
ಯಾರೂ ಹಿಡದಿಲ್ಲ.

ಕೆಡವೋ ಪಟ್ಟ್ಯಾಗ ಇಲ್ಲದ ಮನಿ
ದುರಸ್ತಿ ಪಟ್ಟ್ಯಾಗೂ ಇಲ್ಲ, ಇದು ಆಮ್ಯಾಲ ತಿಳೀತು.
ಮೂಡಲ ಗ್ವಾಡಿ ಹೊಟ್ಟಿ ಬಂದದ.
ಎರಡು ಬಿದಿರು ಆನಿಸಿ ಬಂದೀನಿ,
ಬಿದಿರಿಗೂ ನಂಗೂ ಗೊತ್ತದ ಅದು ಎಷ್ಟು ಮಟ್ಟಿಗೆ ಅಂತ.

ಮಳಿ ಬಂದ ರಾತ್ರಿ ನಿದ್ದಿ ಹತ್ತೂದಿಲ್ಲ.
ನಸುಕಿನಾಗ ನೀರಿನ ನೆವ ಮಾಡಿ ಹೋಗಿ
ಅಂಗೈ ಇಟ್ಟು ಗ್ವಾಡಿ ಮುಟ್ಟಿ ನೋಡತೀನಿ.
ಮನ್ಯಾಗ ಡಬ್ಬಿ ತಳದಾಗ
ಒಂದು ನಂಬರಿಗೆ ಆಗೋವಷ್ಟು ಕೆಂಪು ಉಳಿಸೀನಿ,
ಒಣಗದಂಗ ಮುಚ್ಚಳ ಬಿಗದು.