ಗುಳ್ಳೆ ಏಳುತ್ತಾ ನೋಡು

ಕೈಯ ನಾಳ ತೀರಾ ಸಣ್ಣದಂತೆ,
ಅದಕ್ಕೇ ತೊಡೆಸಂದಿಗೆ ಬಂದರು.
ತಂತಿ ಒಳಗೆ ಹೋದದ್ದು ತಿಳಿಯಲಿಲ್ಲ.
ಬಣ್ಣ ಬಿಟ್ಟಾಗ ಮಾತ್ರ ಮೈಯೆಲ್ಲ ಬಿಸಿಯಾಗಿ
ಮಲಗಿದಲ್ಲೇ ಉಚ್ಚೆ ಹೊಯ್ದೆನೇನೋ ಎಂದು ನಾಚಿದೆ.
ಪರದೆಯ ಮೇಲೆ ನನ್ನ ಹೃದಯ
ಬೇರುಸಮೇತ ಕಿತ್ತ ಗಿಡ, ಗಾಳಿಗೆ ಹಿಡಿದಂತೆ.
"ಎರಡು ಕಡೆ ಕಿರಿದಾಗಿದೆ, ಸದ್ಯಕ್ಕೆ ಮಾತ್ರೆ ಸಾಕು."

ಆಮೇಲೆ ಸಿಸ್ಟರ್ ಜೆಸಿಂತಾ
ಕೊಳವೆ ಎಳೆದು, ಮೂರು ಬೆರಳಿಟ್ಟು
ಮೈಭಾರವೆಲ್ಲ ಹಾಕಿ ಒತ್ತಿ ನಿಂತಳು
ಗೋಡೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷ.
"ಪಂಕ್ಚರ್ ಜಾಗ, ಅಲ್ಲಾಡಬೇಡಿ" ಎಂದಳು.
ನಕ್ಕುಬಿಟ್ಟೆ. ನಗಲೂಬಾರದಂತೆ, ಬೈದಳು.
ಅವಳಿಗೇನು ಗೊತ್ತು,
ಆಲ್ಕೊಳ ಸರ್ಕಲ್ಲಿನಲ್ಲಿ ಇಪ್ಪತ್ತೆಂಟು ವರ್ಷ,
ಹುಚ್ಚರಾಯಪ್ಪ ಅಂದರೆ ಯಾರಿಗೂ ಗುರುತಿಲ್ಲ,
ಪಂಕ್ಚರ್ ರಾಯಣ್ಣ ಅಂದರೆ
ಸಾಗರದ ಲಾರಿಯವರೂ ಹಾರನ್ ಹೊಡೆದು ಹೋಗುತ್ತಾರೆ.

ಆರು ತಾಸು ಕಾಲು ಮಡಚುವಂತಿಲ್ಲ.
ತೊಡೆಯ ಮೇಲೆ ಮರಳಿನ ಚೀಲ.
"ತುಂಗಾ ಹೊಳೆದಾ? ಪರ್ಮಿಟ್ ಇದೆಯಾ ಕೇಳಿ"
ಅಂದ ಪಕ್ಕದ ಮಂಚದ ಗಾರೆಕೆಲಸದವ.
ಕೆಮ್ಮು ಬಂದರೆ ಕೈಯೊತ್ತಿಕೊಂಡು ಕೆಮ್ಮಬೇಕು.
ನೀರು ಕುಡಿ, ಕುಡಿ, ಬಣ್ಣ ತೊಳೆದು ಹೋಗಲಿ.

ಮನೆಗೆ ಕಳಿಸುವಾಗ ಒಂದು ಚೀಟಿ:
ರಕ್ತ ಜಿನುಗಿದರೆ, ಗಂಟು ಕಟ್ಟಿದರೆ,
ಪಾದ ತಣ್ಣಗಾದರೆ, ಜ್ವರ ಬಂದರೆ, ಎದೆ ಹಿಡಿದರೆ.
ಚೌಡಮ್ಮ ಅದನ್ನು ದಿನಸಿ ಪಟ್ಟಿಯ ಹಾಗೆ ಬಾಯಿಪಾಠ ಮಾಡಿದಳು.
ಸಂಘದ ಸಾಲದ ಲೆಕ್ಕ ಬರೆಯುವ ಬಾಲ್‌ಪೆನ್ನಿನಲ್ಲಿ
ಕಂದಿದ ಚರ್ಮದ ಸುತ್ತ ಗೆರೆ ಎಳೆದು
ಪಕ್ಕದಲ್ಲಿ ಬರೆದಳು: ರಾತ್ರಿ ೮.
ಕಚಗುಳಿಯಾಯಿತು. ಅದನ್ನೂ ಹೇಳುವಂತಿಲ್ಲ.

ಮೂರನೇ ಬೆಳಗ್ಗೆ ಬಣ್ಣ ಗೆರೆ ದಾಟಿತ್ತು.
ಬಸಳೆಹಣ್ಣು ಹಿಂಡಿದಂತೆ ಕೆಳಕ್ಕೆ,
ಎರಡು ಬೆರಳಗಲ.
ಆಟೋದಲ್ಲಿ ಪ್ರತಿ ಹಂಪಿಗೂ
ಅವಳ ಅಂಗೈ ನನ್ನ ತೊಡೆಯ ಮೇಲೆ ಬಿಗಿಯುತ್ತಿತ್ತು,
ಕನ್ನಡಿಯಲ್ಲಿ ನೋಡಿದ ಆಟೋದವನು ಕಣ್ಣು ತಪ್ಪಿಸಿದ.

ಎಳೆಯ ಡಾಕ್ಟರು. ಅಮುಕಿ ನೋಡಿದ,
ಸ್ಟೆತಾಸ್ಕೋಪು ತೊಡೆಸಂದಿಗಿಟ್ಟ.
"ಬಣ್ಣ ಇಳಿಯಲಿ ಬಿಡಿ, ಗಂಟಿಲ್ಲ.
ಒಳಗೆ ಸೋರುತ್ತಿದ್ದರೆ ಉಸ್ ಉಸ್ ಅನ್ನುತ್ತೆ."
ಆ ಸದ್ದು ನನಗೆ ಗೊತ್ತು ಸಾರ್, ಕೊಡಿ ಇಲ್ಲಿ, ಅಂದೆ.
ಒಂದು ಗಳಿಗೆ ಅನುಮಾನಿಸಿ
ನನ್ನ ಕಿವಿಗೇ ಸಿಕ್ಕಿಸಿದ.
ಕೇಳಿದೆ. ಬಾಗಿಲಾಚೆ ಯಾರೋ ನಡೆದಾಡಿದಂತೆ
ಮೆತ್ತಗೆ ಒಂದು ಹೆಜ್ಜೆ, ಇನ್ನೊಂದು.
ಉಸ್ ಇಲ್ಲ.
ಇಷ್ಟು ದಿನ ನಂಬಿದ್ದು ನನ್ನ ಕಿವಿಯನ್ನೇ,
ಆವತ್ತೂ ಅದನ್ನೇ ನಂಬಿದೆ.

ಸಂಜೆ ಅಂಗಡಿಯಿಂದ ಸಮೀಉಲ್ಲಾನ ಫೋನು:
"ಅಣ್ಣಾ, ಟ್ಯೂಬು ಬಾನಿಯಲ್ಲಿ ಅದ್ದಿದೆ, ಗುಳ್ಳೆ ಏಳ್ತಿಲ್ಲ,
ಗಾಳಿ ಮಾತ್ರ ನಿಲ್ತಿಲ್ಲ."
ನೀರು ಬಿಡೋ. ಒರೆಸು.
ಕೆನ್ನೆ ಹತ್ತಿರ ತಂದು ಮೆಲ್ಲಗೆ ತಿರುಗಿಸು.
ಕಣ್ಣಿಗೆ ಕಾಣದ್ದು ಕೆನ್ನೆಗೆ ಗೊತ್ತಾಗುತ್ತೆ.
ಜಾಕ್ ನೀನೇ ಎತ್ತು, ನನಗೆ ಇನ್ನೂ ನಾಲ್ಕು ದಿನ ಭಾರ ಇಲ್ಲ.

ರಾತ್ರಿ ಕರೆಂಟು ಹೋಯಿತು.
ಹತ್ತೂವರೆಯ ಪಾಳಿಗೆ ಚೌಡಮ್ಮ ಎದ್ದಳು,
ಟಾರ್ಚು ತಡಕಿದಳು, ಸಿಗಲಿಲ್ಲ.
ಫೋನಿನ ಮಾತು ಕೇಳಿಸಿಕೊಂಡಿದ್ದಳೋ ಏನೋ,
ಲುಂಗಿ ಸರಿಸಿ, ಬಗ್ಗಿ,
ಗಾಯದ ಪಟ್ಟಿಯ ಹತ್ತಿರ ಕೆನ್ನೆ ತಂದಳು.
ನಾನು ಉಸಿರು ಕಟ್ಟಿದೆ.
"ಬಿಡ್ರೀ ಉಸ್ರು," ಅಂದಳು,
"ಅದು ನಿಂತ್ರೆ ಇದನ್ನ ನೋಡಿ ಏನ್ಮಾಡ್ಲಿ?"
ಆಮೇಲೆ ಪಾದ ಮುಟ್ಟಿ ನೋಡಿದಳು.
ಪಾದ ಬೆಚ್ಚಗೇ ಇತ್ತು.
ತಣ್ಣಗಿದ್ದದ್ದು ಅವಳ ಕೈ.